ಚೆರುವಿನ ದಾರಿಯಲ್ಲಿ ಸಿಕ್ಕ ಎಕಾರ

ನಾನು ಕೋಲಾರದ ಕಡೆಯವನು. ನಮ್ಮ ಮನೆಯ ಕೆರೆ ಪಕ್ಕದ ತೆಲುಗು ಬೀದಿಯಲ್ಲಿ ಚೆರುವು. ನಮ್ಮ ಕಿವಿ ಅವರ ಚೆವಿ, ನಮ್ಮದು ಕೆಟ್ಟರೆ ಅವರದು ಚೆಡುತ್ತದೆ. ಕಾಲು ಮಾತ್ರ ಇಬ್ಬರಿಗೂ ಕಾಲೇ. ಅಂದರೆ ಈ ಪದಗಳಲ್ಲಿ ಎ, ಇ ಸ್ವರಗಳ ಹಿಂದಿರುವ ನಮ್ಮ ಕ ಅವರಲ್ಲಿ ಚ ಆಗಿದೆ, 'ಆ' ಹಿಂದಿನ ಕ ಹಾಗೇ ಉಳಿದಿದೆ. ಎಂ.ಎ.ಯಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆಲ್ಲ ತಾಯಿಯಾದ ಮೂಲ ಇಂಡೋ-ಯುರೋಪಿಯನ್ ಭಾಷೆಯ ಸ್ವರಗಳನ್ನು ನಾನೇ ಕಟ್ಟಿ ನೋಡೋಣ ಅಂತ ಕೂತಾಗ ಕೈ ಹಿಡಿದದ್ದು ಈ ಬೀದಿ.

ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಪದಗಳನ್ನು ಅಕ್ಕಪಕ್ಕ ಬರೆದೆ. ಅಸ್ತಿ, ಎಸ್ತಿ, ಎಸ್ತ್. ಅಷ್ಟೌ, ಒಕ್ತೋ, ಒಕ್ತೋ. ಅಜತಿ (ಓಡಿಸುತ್ತಾನೆ), ಅಗೇಯ್, ಅಗಿತ್. ಸಂಸ್ಕೃತದ ಒಂದೇ ಅಕಾರದ ಎದುರಿಗೆ ಆ ಕಡೆ ಎ, ಒ, ಅ ಮೂರೂ ಇವೆ. ಸಂಸ್ಕೃತ ಓದಿದ ಜಂಬ ಬೇರೆ. ಮೂಲದಲ್ಲಿ ಇದ್ದದ್ದು 'ಅ' ಒಂದೇ ಅಂತ ಬರೆದುಬಿಟ್ಟೆ. ಜರ್ಮನ್ ಭಾಷಾವಿಜ್ಞಾನಿ ಶ್ಲೈಖರ್ ಕೂಡ ಇದೇ ಹಾದಿಯಲ್ಲಿದ್ದ. 1868ರಲ್ಲಿ ಆತ ಮೂಲಭಾಷೆಯಲ್ಲೇ ಬರೆದ ಕುರಿ-ಕುದುರೆಗಳ ಕಥೆಯ ಹೆಸರು 'ಅವಿಸ್ ಅಕ್ವಾಸಸ್ ಕ'. ಬರೀ ಅಕಾರ!

ಆದರೆ ಒಂದು 'ಅ' ಗ್ರೀಕಿನಲ್ಲಿ ಯಾವಾಗ 'ಎ' ಆಗುತ್ತದೆ, ಯಾವಾಗ 'ಒ' ಆಗುತ್ತದೆ? ಎರಡು ವಾರ ತಡಕಾಡಿದರೂ ನಿಯಮ ಸಿಗಲಿಲ್ಲ.

ದಾರಿ ತೋರಿಸಿದ್ದು ಸ್ವರವಲ್ಲ, ಅದರ ಹಿಂದಿನ ವ್ಯಂಜನ. 'ಮತ್ತು' ಎಂಬರ್ಥಕ್ಕೆ ಲ್ಯಾಟಿನ್ 'ಕ್ವೆ', ಗ್ರೀಕ್ 'ತೆ', ಸಂಸ್ಕೃತ 'ಚ'. ಐದಕ್ಕೆ ಕ್ವಿಂಕ್ವೆ, ಪೆಂತೆ, ಪಂಚ. ಗ್ರೀಕಿನ 'ಪೊತೆರೊಸ್' (ಎರಡರಲ್ಲಿ ಯಾವುದು) ಎದುರಿಗೆ ಮಾತ್ರ 'ಕತರ'. ಆ ಕಡೆ ಎಕಾರ ಇದ್ದಲ್ಲಿ ಸಂಸ್ಕೃತದಲ್ಲಿ ಚ, ಒಕಾರ ಇದ್ದಲ್ಲಿ ಕ. ಇದು ನಮ್ಮ ಚೆರುವು-ಕಾಲು ಕಥೆಯೇ ಅಲ್ಲವೇ! ತೆಲುಗಿನ ಎಕಾರಗಳೆಲ್ಲ ನಾಳೆ ಅಕಾರವಾಗಿ, ಚೆರುವು 'ಚರುವು' ಆಯಿತೆನ್ನಿ. ಆಗಲೂ ಆ ಚಕಾರ, ತನ್ನ ಮುಂದೆ ಒಂದು ಕಾಲಕ್ಕೆ 'ಎ' ಇತ್ತು ಅಂತ ಸಾಕ್ಷಿ ಹೇಳುತ್ತಲೇ ಇರುತ್ತದೆ. ಸಂಸ್ಕೃತದಲ್ಲಿ ಆಗಿರುವುದು ಅದೇ. ಹಾಗಾಗಿ ಮೂಲ ರೂಪ *ಕ್ವೆ (ಎಲ್ಲೂ ಬರೆದು ಸಿಗದ, ನಾವೇ ಊಹಿಸಿ ಕಟ್ಟಿದ ರೂಪಕ್ಕೆ ಈ ನಕ್ಷತ್ರದ ಗುರುತು). ಎಕಾರ ಗ್ರೀಕರು ತಂದದ್ದಲ್ಲ, ನಾವು ಕಳೆದುಕೊಂಡದ್ದು. 1870ರ ದಶಕದಲ್ಲಿ ನಾಲ್ಕಾರು ವಿದ್ವಾಂಸರು ಬೇರೆಬೇರೆಯಾಗಿ ಇದನ್ನು ಕಂಡುಕೊಂಡಿದ್ದರು ಅಂತ ನನಗೆ ಆಮೇಲೆ ತಿಳಿಯಿತು. ಬೇಸರವೇನೂ ಆಗಲಿಲ್ಲ.

ಪರೀಕ್ಷೆಗೆ ಪಾಣಿನಿಯನ್ನು ತೆಗೆದೆ. 'ಕುಹೋಶ್ಚುಃ' (7.4.62): ಧಾತುವಿನ ಮೊದಲ ಅಕ್ಷರ ಎರಡು ಸಲ ಬರುವ ದ್ವಿತ್ವದ ಮೊದಲ ಭಾಗದಲ್ಲಿ ಕವರ್ಗ ಚವರ್ಗವಾಗುತ್ತದೆ. ಚಕಾರ (ಅಕ್ಷರವಲ್ಲ, 'ಮಾಡಿದನು' ಎಂಬ ಕ್ರಿಯಾಪದ), ಜಗಾಮ (ಹೋದನು), ಜಘಾನ (ಕೊಂದನು) ಎಂದೆಲ್ಲ ಬಾಯಿಪಾಠ ಮಾಡಿದವನೇ ನಾನು. ಯಾಕೆ ಹಾಗೆ ಅಂತ ಕೇಳಿರಲಿಲ್ಲ. ಗ್ರೀಕಿನಲ್ಲಿ ಇದೇ ಜಾಗದ ಸ್ವರ ನೋಡಿ: ಲೆಲೊಯ್ಪ, ಗೆಗೊನ. ಮೊದಲು ಎ, ಆಮೇಲೆ ಒ. 'ಚಕಾರ'ದ ಹಿಂದೆ *ಕ್ವೆಕ್ವೊರೆ ಇಟ್ಟರೆ ಪಾಣಿನಿಯ ಸೂತ್ರಕ್ಕೆ ಕಾರಣವೂ ಸಿಕ್ಕಂತಾಯಿತು. ನಾವು ದಿನಾ ಆಡುವ ಮಾತಲ್ಲೂ ಇದರ ಗುರುತಿದೆ. 'ಹನನ'ದ ಹಕಾರ, 'ಕೃತಘ್ನ'ದ ಘಕಾರ ಎರಡೂ ಒಂದೇ ಧಾತುವಿನವು. ನಕಾರ ನೇರವಾಗಿ ಅಂಟಿಕೊಂಡಲ್ಲಿ ಎಕಾರಕ್ಕೆ ಜಾಗವಿರಲಿಲ್ಲ, ಘ ಉಳಿಯಿತು.

ಎಡವಿದ್ದೂ ಉಂಟು. ನೂರು ಎಂಬರ್ಥದ ಸಂಸ್ಕೃತ-ಲ್ಯಾಟಿನ್ ಶತ-ಕೆಂತುಮ್ ಜೋಡಿಯನ್ನೂ ಇದೇ ರಾಶಿಗೆ ಸುರಿದಿದ್ದೆ. ಆದರೆ 'ಅಶ್ವ'ದಲ್ಲಿ ಶಕಾರದ ಮುಂದೆ ಸ್ವರವೇ ಇಲ್ಲ, ವಕಾರವಿದೆ. ಶಕಾರಕ್ಕೆ ಎಕಾರದ ಹಂಗಿಲ್ಲ ಅಂದಮೇಲೆ ಅದರ ಮೂಲ ಧ್ವನಿಯೇ ಬೇರೆ. ಆ ಹಾಳೆಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು.

ಇನ್ನೊಂದು ತೊಡಕು 'ಪಚಾಮಿ' (ಬೇಯಿಸುತ್ತೇನೆ). ಗ್ರೀಕಿನ 'ಫೆರೋ' (ಹೊರುತ್ತೇನೆ), 'ಫೆರೊಮೆನ್' (ಹೊರುತ್ತೇವೆ) ನೋಡಿದರೆ ಉತ್ತಮ ಪುರುಷದಲ್ಲಿ ಇದ್ದದ್ದು ಒಕಾರ. ಹಾಗಿದ್ದರೆ ಕಕಾರ ಉಳಿಯಬೇಕಿತ್ತು. 'ಪಾಕ'ದಲ್ಲಿ ಉಳಿದಿದೆ, ಕ್ರಿಯಾಪದದಲ್ಲಿ ಇಲ್ಲ. 'ಪಚತಿ', 'ಪಚಸಿ'ಗಳ ಸಹವಾಸದಿಂದ ಇಡೀ ಸಾಲು ಚಕಾರಕ್ಕೆ ತಿರುಗಿಕೊಂಡಿದೆ. ಹೀಗೆ ಸಾದೃಶ್ಯದ ಮೇಲೆ, ಅಂದರೆ ಒಂದು ರೂಪ ಇನ್ನೊಂದನ್ನು ನೋಡಿ ಬದಲಾಯಿತು ಎಂಬ ಮಾತಿನ ಮೇಲೆ, ಹೊರೆ ಹಾಕುವಾಗ ನನಗೆ ಈಗಲೂ ಸ್ವಲ್ಪ ಮುಜುಗರವೇ. ನಮಗೆ ಬೇಕಾದಲ್ಲಿ ಮಾತ್ರ ಸಾದೃಶ್ಯವನ್ನು ಕರೆದರೆ ಅದು ಪುನಾರಚನೆಯಲ್ಲ, ತೇಪೆ.

ಆದರೂ ಒಂದು ಪದದ ಮುಂದೆ ಮುಜುಗರ ಕರಗುತ್ತದೆ. ಲ್ಯಾಟಿನ್ 'ಕ್ವಿದ್' (ಏನು) ಎದುರಿಗೆ ಸಂಸ್ಕೃತದಲ್ಲಿ 'ಚಿತ್' ಇದೆ, ಇಕಾರದ ಮುಂದೆ ಚಕಾರ, ಸರಿಯಾಗಿದೆ. ಪ್ರಶ್ನಾರ್ಥಕ 'ಕಿಂ' ಮಾತ್ರ 'ಕಃ', 'ಕೇನ'ಗಳನ್ನು ನೋಡಿ ಕಕಾರವನ್ನು ಮರಳಿ ತಂದುಕೊಂಡಿದೆ. ತಿದ್ದಿದ ರೂಪ, ತಿದ್ದದ ರೂಪ ಎರಡೂ ಒಂದೇ ಪದದಲ್ಲಿ ಅಕ್ಕಪಕ್ಕ ಕೂತಿವೆ: ಕಿಂಚಿತ್.