ಭೂಕಂಪದಲ್ಲಿ ಕಟ್ಟಡದ ವರ್ತನೆಯನ್ನು ಅಳೆಯುವ ಕ್ರಮ
ಭೂಕಂಪ ನಿರೋಧಕ ವ್ಯವಸ್ಥೆಗಳನ್ನು ಹೋಲಿಸುವಾಗ ಕಟ್ಟಡ ನಿಂತಿತೇ, ಕುಸಿಯಿತೇ ಎಂಬುದಷ್ಟನ್ನೇ ನೋಡದೆ, ತಳದ ಮತ್ತು ಚಾವಣಿಯ ವೇಗೋತ್ಕರ್ಷದ ದಾಖಲೆಗಳನ್ನು ಮೊದಲು ಪಕ್ಕಪಕ್ಕ ಇಟ್ಟು ನೋಡಬೇಕು. 1994ರಲ್ಲಿ ಕ್ಯಾಲಿಫೋರ್ನಿಯಾದ ನಾರ್ತ್‌ರಿಡ್ಜ್ ಭೂಕಂಪವಾದಾಗ, ಬಿಗಿಯಾದ ಗೋಡೆಗಳನ್ನು ನೆಚ್ಚಿದ್ದ ಆಲಿವ್ ವ್ಯೂ ಆಸ್ಪತ್ರೆಯಲ್ಲಿ ಗುರುತ್ವದ ಸುಮಾರು 0.9 ಪಟ್ಟು ಇದ್ದ ನೆಲದ ಕಂಪನವು ಚಾವಣಿಯಲ್ಲಿ 2.3 ಪಟ್ಟಿಗೆ ಏರಿತು. ರಬ್ಬರ್ ಬೇರಿಂಗ್‌ಗಳ (ನೆಲದ ಅಲುಗಾಟ ಕಟ್ಟಡಕ್ಕೆ ಪೂರ್ತಿ ತಲುಪದಂತೆ ಅಡಿಯಲ್ಲಿ ಇಡುವ ಮೆತ್ತೆಗಳ) ಮೇಲೆ ನಿಂತಿದ್ದ ಯುಎಸ್‌ಸಿ (ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಆಸ್ಪತ್ರೆಯಲ್ಲಿ ಅದು ಅಡಿಪಾಯದ 0.37ರಿಂದ ಚಾವಣಿಯಲ್ಲಿ 0.21ಕ್ಕೆ ಇಳಿಯಿತು. ಎರಡೂ ಕಡೆಯ ನೆಲ ಒಂದೇ ರೀತಿ ನಡುಗಿರಲಿಲ್ಲವಾದ್ದರಿಂದ ಚಾವಣಿ ಮತ್ತು ತಳದ ಕಂಪನಗಳ ಅನುಪಾತವನ್ನು ಹೋಲಿಸುವುದೇ ಸರಿ, ಅದೂ ಒರಟು ಅಳತೆಯೇ. ಬಳಿಕ ಮಹಡಿಗಳ ನಡುವಿನ ಪಕ್ಕಚಲನೆ, ಶಾಶ್ವತವಾಗಿ ಉಳಿದ ವಾಲು, ಬೇರಿಂಗ್ ಅಥವಾ ಡ್ಯಾಂಪರ್‌ಗಳ (ಕಂಪನದ ಶಕ್ತಿಯನ್ನು ಹೀರುವ ಸಾಧನಗಳ) ಸ್ಥಿತಿ ಇವನ್ನು ಪರಿಶೀಲಿಸಿರಿ. ಕೊಳವೆಗಳನ್ನು ಮಾತ್ರ ಮರೆಯಬೇಡಿ: ಆಲಿವ್ ವ್ಯೂ ಕಟ್ಟಡದ ಚೌಕಟ್ಟು ಭದ್ರವಾಗಿಯೇ ಇದ್ದರೂ, ನೀರಿನ ಕೊಳವೆಗಳು ಒಡೆದದ್ದರಿಂದ ರೋಗಿಗಳನ್ನು ಸ್ಥಳಾಂತರಿಸಬೇಕಾಯಿತು.