ತಂಬೂರಿಯ ದಾರ ಹಿಡಿದು

ಧಾರವಾಡದಲ್ಲಿ ಏಳು ವರ್ಷ ಗಾಯನ ಕಲಿತೆ. ಗಾಯಕನಾಗಲಿಲ್ಲ, ತಂಬೂರಿಯ ಶ್ರುತಿ ಕೂಡಿಸುವುದು ಮಾತ್ರ ಕೈಗೆ ಹತ್ತಿತು. ತಂತಿಗಳು ಹಾದುಹೋಗುವ ಪಟ್ಟಿಗೆ ಕುದುರೆ ಎನ್ನುತ್ತಾರೆ; ಅದರ ಮೇಲೆ, ತಂತಿಯ ಅಡಿಯಲ್ಲಿರುವ ಹತ್ತಿಯ ದಾರವನ್ನು ಕೂದಲೆಳೆಯಷ್ಟು ಸರಿಸಬೇಕು. ಅಲ್ಲಿಯವರೆಗೆ ಮಂಕಾಗಿದ್ದ ತಂತಿ ಒಮ್ಮೆಲೇ ಬಿಚ್ಚಿಕೊಂಡು ಝೇಂಕರಿಸುತ್ತದೆ. ಆಗ ಷಡ್ಜದ (ಸ) ಒಳಗಿಂದ ಗಾಂಧಾರ (ಗ) ತಾನಾಗಿ ಕೇಳಿಸುತ್ತದೆ. ಅದನ್ನು ಯಾರೂ ಮೀಟಿರುವುದಿಲ್ಲ. "ಅದು ಕೇಳೂತನಕಾ ಬಾಯಿ ತಗೀಬ್ಯಾಡ" ಎನ್ನುತ್ತಿದ್ದರು ನಮ್ಮ ಗುರುಗಳು. ಜಗತ್ತಿನ ಪ್ರಯೋಗಶೀಲ, ಎಲೆಕ್ಟ್ರಾನಿಕ್ ಸಂಗೀತದೊಳಗೆ ನಾನು ಹೊಕ್ಕಿದ್ದು ಈ ಗಾಂಧಾರದ ಬೆನ್ನು ಹತ್ತಿ.

ಮೊದಲು ಬೇರೆ ದಾರಿ ಹಿಡಿದಿದ್ದೆ. ಕೇಳಲೇಬೇಕಾದ ನೂರು ಆಲ್ಬಂಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಹುಬ್ಬಳ್ಳಿಗೆ ಹೋಗಿಬರುವ ಚಿಗರಿ ಬಸ್ಸಿನಲ್ಲಿ ಒಂದೊಂದಕ್ಕೆ ಎರಡು ನಿಮಿಷ ಕೊಟ್ಟು ದಾಟಿಸುತ್ತಿದ್ದೆ. ತಿಂಗಳಾದರೂ ಕಿವಿಯಲ್ಲಿ ಏನೂ ಉಳಿಯಲಿಲ್ಲ. ನಿಧಾನಗತಿಯ ವಿಲಂಬಿತ ಖ್ಯಾಲಿಗೆ ಎರಡು ನಿಮಿಷ ಕೊಟ್ಟು ಎದ್ದು ಹೋದವನಿಗೆ ಮಲ್ಲಿಕಾರ್ಜುನ ಮನಸೂರರು ಸಿಗುತ್ತಾರೆಯೇ? ಪಟ್ಟಿ ಬಿಟ್ಟೆ. ವಾರಕ್ಕೆ ಒಂದೇ ಕೃತಿ, ರಾತ್ರಿ ಊಟವಾದ ಮೇಲೆ, ದೀಪ ಆರಿಸಿ, ಮೊದಲಿನಿಂದ ಕೊನೆಯವರೆಗೆ ಎಂದು ನಿಯಮ ಮಾಡಿಕೊಂಡೆ.

ಹಾಗೆ ಕೂತು ಕೇಳಿದ ಮೊದಲ ಕೃತಿ ಫ್ರಾನ್ಸಿನ ಸಂಗೀತ ರಚನಕಾರ್ತಿ ಎಲಿಯಾನ್ ರಾಡಿಗ್ ಅವರ 1974ರ 'ಅಡ್ನೋಸ್'. ಎಆರ್‌ಪಿ 2500 ಎಂಬ, ವಿದ್ಯುತ್ತಿನಿಂದಲೇ ದನಿ ಹುಟ್ಟಿಸುವ ಸಿಂಥಸೈಜರ್‌ನಿಂದ ಹುಟ್ಟಿದ, ಒಂದು ತಾಸಿಗೂ ಮಿಕ್ಕಿದ ನಾದ. ಮೊಬೈಲಿನ ಸ್ಪೀಕರಿನಲ್ಲಿ ಅದು ಬರೀ ಗುಂಯ್ ಎನ್ನುತ್ತಿತ್ತು, ಕೆಳಗಿನ ಸ್ವರಗಳೇ ಇರಲಿಲ್ಲ. ಹಳೆಯ ದೊಡ್ಡ ಸ್ಪೀಕರ್ ಒಂದನ್ನು ಹುಡುಕಿ ತಂದು ಜೋಡಿಸಿದ ಮೇಲೆ ವಿಷಯ ತಿಳಿಯಿತು. ಹತ್ತಿರ ಹತ್ತಿರದ ಎರಡು ಸ್ವರಗಳು ಒಂದಕ್ಕೊಂದು ತಾಗಿ ನಿಧಾನಕ್ಕೆ ಉಸಿರಾಡುತ್ತಿದ್ದವು. ತಂಬೂರಿಯ ಜೋಡಿ ತಂತಿಗಳು ಇನ್ನೂ ಪೂರ್ತಿ ಕೂಡದಿದ್ದಾಗ ಬರುವ ಅದೇ ತೂಗಾಟ! ಅಡುಗೆಮನೆಯಿಂದ ಅವ್ವ ಕೂಗಿದಳು: "ಅರ್ಧಾ ತಾಸ ಆತು, ಇನ್ನೂ ತಂಬೂರಿ ಕೂಡಸಾಕತ್ತೀಯೇನ? ಹಾಡು ಸುರು ಮಾಡಪಾ." ಆ ಸಂಗೀತದ ಬಗ್ಗೆ ನಾನು ಓದಿದ ಯಾವ ಬರಹಕ್ಕಿಂತಲೂ ಅವ್ವನ ಮಾತು ನನಗೆ ಹೆಚ್ಚು ಕಲಿಸಿತು.

ಆಮೇಲೆ ಯಾರ ಗುರು ಯಾರು ಎಂದು ಹುಡುಕತೊಡಗಿದೆ. ನಮ್ಮ ಕಡೆ ಗಾಯಕರನ್ನು ಗುರುತಿಸುವುದೇ ಹಾಗಲ್ಲವೇ. ಕುಂದಗೋಳದ ಸವಾಯಿ ಗಂಧರ್ವರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಕಲಿತದ್ದು ಸವಾಯಿ ಗಂಧರ್ವರಲ್ಲಿ. ಅದೇ ಘರಾಣೆಯ ಅಬ್ದುಲ್ ವಾಹಿದ್ ಖಾನರ ಶಿಷ್ಯ ಪಂಡಿತ್ ಪ್ರಾಣನಾಥರು 1970ರಲ್ಲಿ ನ್ಯೂಯಾರ್ಕಿಗೆ ಹೋದರು. ಅಲ್ಲಿ ಅವರ ಕಾಲಬುಡದಲ್ಲಿ ಕೂತು ಕಲಿತವರು ಅಮೆರಿಕದ ಸಂಗೀತಕಾರರಾದ ಲಾ ಮಾಂಟ್ ಯಂಗ್, ಟೆರ್ರಿ ರೈಲಿ. ಒಂದೇ ನಾದವನ್ನು ದೀರ್ಘವಾಗಿ ಹಿಡಿದು ನಿಲ್ಲಿಸುವ ಅಮೆರಿಕದ ಪ್ರಯೋಗಶೀಲ ಸಂಗೀತಕ್ಕೂ ಕುಂದಗೋಳದ ವಾಡೆಗೂ ಒಂದೇ ಮನೆತನದ ನಂಟು. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಾದ ಎನ್‌ಐಡಿಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇತ್ತೆಂಬುದು, ಅಲ್ಲಿ ಗೀತಾ ಸಾರಾಭಾಯಿ ಮುಂತಾದವರು ಮಾಡಿದ ಎಲೆಕ್ಟ್ರಾನಿಕ್ ಸಂಗೀತದ ಟೇಪುಗಳು 2023ರಲ್ಲಿ ಹೊರಬಂದವೆಂಬುದು ಹೀಗೆ ದಾರ ಹಿಡಿದು ಹೋದಾಗಲೇ ಸಿಕ್ಕ ಸಂಗತಿ. ಮುಂಬಯಿಯ ಚರಣಜಿತ್ ಸಿಂಗ್ 1982ರಲ್ಲಿ ರೋಲಂಡ್ ಕಂಪನಿಯ ಎಲೆಕ್ಟ್ರಾನಿಕ್ ಯಂತ್ರಗಳ ಮೇಲೆ ಹತ್ತು ರಾಗ ನುಡಿಸಿದ್ದೂ ಹಾಗೇ ಸಿಕ್ಕಿತು.

ಕೇಳಿದ್ದನ್ನು ಕೈಯಾರೆ ಮಾಡಿ ನೋಡದ ಹೊರತು ಅದು ನನ್ನದಾಗುವುದಿಲ್ಲ. 1948ರಲ್ಲಿ ಫ್ರಾನ್ಸಿನ ಪಿಯರ್ ಶೇಫರ್ ಪ್ಯಾರಿಸ್ಸಿನ ಬಾತಿನ್ಯೋಲ್ ನಿಲ್ದಾಣದ ರೈಲುಗಳ ಸದ್ದು ಹಿಡಿದು, ಅದರಿಂದಲೇ ಒಂದು ಕೃತಿ ಕಟ್ಟಿದರು. ಆಗ ಅವರ ಕೈಯಲ್ಲಿ ಟೇಪ್ ಇರಲಿಲ್ಲ. ಗ್ರಾಮಾಫೋನ್ ತಟ್ಟೆಯ ಗೆರೆಯನ್ನು ವೃತ್ತವಾಗಿ ಮುಚ್ಚಿ, ಒಂದೇ ತುಣುಕು ಮತ್ತೆ ಮತ್ತೆ ಸುತ್ತುವಂತೆ ಮಾಡಿದ್ದರು. ನಾನು ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಗೂಡ್ಸ್ ಗಾಡಿಯೊಂದರ ಸದ್ದು ಹಿಡಿದುಕೊಂಡೆ. ಮನೆಗೆ ಬಂದು ಸದ್ದು ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ನಾಲ್ಕು ಸೆಕೆಂಡು ಕತ್ತರಿಸಿ ಸುತ್ತಲು ಬಿಟ್ಟೆ. ಐದು ನಿಮಿಷ ಅದು ರೈಲೇ ಆಗಿತ್ತು. ಹತ್ತು ನಿಮಿಷಕ್ಕೆ ರೈಲು ಮಾಯವಾಗಿ ಬರೀ ಲಯ ಉಳಿಯಿತು, ತಾಳದ ಮೊದಲ ಪೆಟ್ಟಾದ ಸಮ್ ಎಲ್ಲಿ ಬೀಳುತ್ತದೆಂದು ಕೈ ತಾನಾಗಿ ಎಣಿಸತೊಡಗಿತು.

ಅದಕ್ಕೂ ಮೊದಲೇ, 1944ರಲ್ಲಿ, ಕೈರೋದ ಹಲೀಮ್ ಎಲ್-ದಬ್ ತಂತಿಯ ಮೇಲೆ ಸದ್ದು ಹಿಡಿಯುವ ವೈರ್ ರೆಕಾರ್ಡರಿನಲ್ಲಿ ಹೆಂಗಸರ, ಮೈಮೇಲೆ ಬಂದ ಶಕ್ತಿಗಳನ್ನು ಶಾಂತಗೊಳಿಸುವ ಝಾರ್ ಆಚರಣೆಯ ಹಾಡನ್ನು ಹಿಡಿದು, ದನಿಗಳ ಮೂಲ ಸ್ವರ ತೆಗೆದು ಒಳದನಿಯನ್ನಷ್ಟೇ ಉಳಿಸಿದ್ದರು. ಕಳೆದ ತಿಂಗಳು ನಾನೂ ಕಾಳಿ ಒಂದರಲ್ಲಿ, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಶ್ರುತಿಗೆ, ಕೂಡಿಸಿದ ತಂಬೂರಿಯನ್ನು ರೆಕಾರ್ಡ್ ಮಾಡಿ, 300 ಹರ್ಟ್ಜ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸಿದೆ. ಮೀಟಿದ ಒಂದು ತಂತಿಯ ಮೂಲ ಸ್ವರವೂ ಉಳಿಯಲಿಲ್ಲ. ತೆಳ್ಳಗೆ ಮಿನುಗುವ ಗಾಂಧಾರ, ಅದರ ಮೇಲಿನ ಗುಂಗು ಇಷ್ಟೇ. ಅದನ್ನು ಒಯ್ದು ಗುರುಗಳ ಕಿವಿಗೆ ಹೆಡ್‌ಫೋನ್ ಹಾಕಿದೆ.

ಅವರು ಕಣ್ಣು ಮುಚ್ಚಿ ಸುಮಾರು ಹೊತ್ತು ಕೇಳಿದರು. "ಖರ್ಜದ ತಂತಿ ಎಲ್ಲೋ?" ಅಂದರು. ಕೆಳಗಿನ ಷಡ್ಜದ ತಂತಿ ಅದು. ತೆಗೆದಿದ್ದೇನೆ ಎಂದೆ. ಮತ್ತೆ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ, ಹೆಡ್‌ಫೋನ್ ತೆಗೆಯದೆಯೇ, ಅಲ್ಲಿಲ್ಲದ ಆ ಷಡ್ಜವನ್ನು ತಾವೇ ಮೆಲ್ಲಗೆ ಹಚ್ಚಿದರು.