ಲಾರಿ ಹೊರಟ ರಾತ್ರಿ ನಾನು ನಿದ್ದೆ ಮಾಡಲು ಕಲಿತದ್ದು

ನಮ್ಮ ಯಜಮಾನರು ಲಾರಿ ಓಡಿಸುತ್ತಾರೆ. ಹುಬ್ಬಳ್ಳಿಯಿಂದ ಮಂಗಳೂರಿಗೆ, ವಾರಕ್ಕೆ ಎರಡು ಸಲ. ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು, ಅಂಕೋಲಾದಿಂದ ಸಮುದ್ರದ ಬದಿಯ ಹೈವೇ ಹಿಡಿಯಬೇಕು. ಮಳೆಗಾಲದಲ್ಲಿ ಆ ದಾರಿ ಹೇಗಿರುತ್ತದೆ ಅಂತ ಹೋದವರಿಗೆ ಗೊತ್ತು.

ಮೊದಲೆಲ್ಲ ಅವರು ಹೊರಟ ರಾತ್ರಿ ನನಗೆ ನಿದ್ದೆಯೇ ಇರುತ್ತಿರಲಿಲ್ಲ. ಹನ್ನೊಂದಕ್ಕೆ ಒಂದು ಫೋನ್, ಒಂದಕ್ಕೆ ಇನ್ನೊಂದು, ಮೂರಕ್ಕೆ ಮತ್ತೊಂದು. ನಡುವೆ ಪ್ರಾರ್ಥನೆ. ಹೆಸರಿಗೆ ಪ್ರಾರ್ಥನೆ, ನಿಜ ಹೇಳಬೇಕಂದರೆ ಹೆದರಿಕೆಯ ತುದಿಗೆ ಒಂದು ಆಮೆನ್ ಅಂಟಿಸುತ್ತಿದ್ದೆ ಅಷ್ಟೇ. ಒಂದು ದಿನ ಅವರಿಗೆ ಸಿಟ್ಟೇ ಬಂತು. "ಘಾಟಿನ ತಿರುವಲ್ಲಿ ಒಂದು ಕೈಲಿ ಸ್ಟೇರಿಂಗು, ಇನ್ನೊಂದು ಕೈಲಿ ನಿನ್ನ ಫೋನು. ದೇವರು ಕಾಪಾಡ್ತಾನೆ ಅಂತೀಯ, ಆಮೇಲೆ ನೀನೇ ನನ್ನ ಕಣಿವೆಗೆ ಹಾಕ್ತೀಯ ನೋಡು" ಅಂದರು. ಉತ್ತರ ಕೊಡಲು ಬಾಯಿ ಬರಲಿಲ್ಲ.

ಅವರದ್ದೂ ಇನ್ನೊಂದು ತರಹ. ಮುಂದಿನ ಗಾಜಿನ ಮೇಲೆ "ಯೇಸು ಕಾಪಾಡು" ಅಂತ ಸ್ಟಿಕ್ಕರ್. ಬೈಬಲಿನ 91ನೇ ಕೀರ್ತನೆಯನ್ನು ಚೀಟಿಯಲ್ಲಿ ಬರೆದು ಅಂಗಿ ಜೇಬಿಗೆ ನಾನೇ ಇಟ್ಟಿದ್ದೆ. ಟೈರು ಮಾತ್ರ ನನ್ನ ಅಂಗೈಯಷ್ಟು ನುಣ್ಣಗೆ. ಕೇಳಿದರೆ "ನಡೀತದ, ದೇವರಿದ್ದಾನ." ಲೋನ್ ಕಂತಿನ ನಡುವೆ ಹೊಸ ಟೈರಿಗೆ ದುಡ್ಡು ಎಲ್ಲಿಂದ ಬರಬೇಕು, ಅದೂ ಇತ್ತು ಬಿಡಿ.

2024ರ ಜುಲೈ 16. ಅಂಕೋಲಾ ಹತ್ತಿರ ಶಿರೂರಿನಲ್ಲಿ ಬೆಳಗ್ಗೆ ಗುಡ್ಡ ಕುಸಿಯಿತು. ಡ್ರೈವರುಗಳು ನಿಲ್ಲಿಸಿ ಟೀ ಕುಡಿಯುತ್ತಿದ್ದ ಅಂಗಡಿಯೇ ಮಣ್ಣಿನಡಿ ಹೋಯಿತು. ಇವರೂ ಅಲ್ಲೇ ಟೀಗೆ ನಿಲ್ಲಿಸುವವರು. ಲೆಕ್ಕ ಹಾಕಿದರೆ ಎಂಟು ಗಂಟೆಯ ಹೊತ್ತಿಗೆ ಅಲ್ಲಿರಬೇಕಿತ್ತು. ಆದರೆ ಯಲ್ಲಾಪುರದ ಹತ್ತಿರ ಟೈರ್ ಪಂಕ್ಚರ್ ಆಗಿತ್ತು, ಸ್ಟೆಪ್ನಿ ಇಳಿಸಿ ನೋಡಿದರೆ ಅದರಲ್ಲೂ ಗಾಳಿ ಇಲ್ಲ, ಪಂಕ್ಚರ್ ಅಂಗಡಿಯವನು ಬಾಗಿಲು ತೆಗೆಯುವವರೆಗೆ ಮಳೆಯಲ್ಲಿ ಅವನನ್ನು ಬೈಯುತ್ತಾ ಕೂತಿದ್ದರಂತೆ.

ಮುಂದಿನ ಭಾನುವಾರ ಚರ್ಚಿನ ಸಭೆಯಲ್ಲಿ ನಾನು ಎದ್ದು ನಿಂತು ಸಾಕ್ಷಿ ಹೇಳಿದೆ. ಕರ್ತನು ನನ್ನ ಗಂಡನನ್ನು ಕಾಪಾಡಿದ, ಟೈರು ಪಂಕ್ಚರ್ ಮಾಡಿ ನಿಲ್ಲಿಸಿದ. ಎಲ್ಲರೂ "ಸ್ತೋತ್ರ" ಅಂದರು. ಕೂತ ಮೇಲೆ ಏನೋ ಚುಚ್ಚಿತು. ಆಗ ಟಿವಿಯಲ್ಲಿ ದಿನಾ ಅದೇ ಸುದ್ದಿ. ಕೇರಳದ ಒಬ್ಬ ಡ್ರೈವರ್, ಲಾರಿ ಸಮೇತ ಕಾಣೆ. ಅವನು ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು 71 ದಿನ ಆದ ಮೇಲೆ. ಅವನ ಮನೆಯಲ್ಲಿ ಯಾರೂ ಪ್ರಾರ್ಥನೆ ಮಾಡಿರಲಿಲ್ವಾ? ಅವನ ಸ್ಟೆಪ್ನಿಯಲ್ಲಿ ಗಾಳಿ ಇದ್ದದ್ದೇ ತಪ್ಪಾಯಿತಾ?

ಇದನ್ನು ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಹತ್ತಿರ ಕೇಳಿದೆ. ಅವರು ಬೋಧನೆ ಮಾಡಲಿಲ್ಲ, ಪುಣ್ಯ. ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ಓದು ಅಂದರು, ಆಮೇಲೆ ಮತ್ತಾಯ 4. ಅಧ್ಯಾಯ 12ರ ಶುರುವಿನಲ್ಲೇ ರಾಜ ಹೆರೋದ ಯೇಸುವಿನ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಇನ್ನೊಬ್ಬ ಶಿಷ್ಯ ಪೇತ್ರ ಜೈಲಿನಿಂದ ಬಿಡುಗಡೆಯಾಗುತ್ತಾನೆ. ಇವನು ಯಾಕೆ ಉಳಿದ, ಅವನು ಯಾಕೆ ಹೋದ, ಒಂದು ಸಾಲು ವಿವರಣೆ ಇಲ್ಲ. ಪೇತ್ರನ ಕಥೆ ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಕೇಳಿದ್ದೆ, ಯಾಕೋಬನದ್ದು ಕಣ್ಣಿಗೇ ಬಿದ್ದಿರಲಿಲ್ಲ. ಇನ್ನೊಂದು ಅಂದರೆ, ಆ ರಾತ್ರಿ ಪೇತ್ರ ಇಬ್ಬರು ಸಿಪಾಯಿಗಳ ನಡುವೆ ಎರಡು ಸರಪಳಿ ಹಾಕಿಸಿಕೊಂಡು ನಿದ್ದೆ ಮಾಡುತ್ತಿದ್ದ. ದೂತ ಬಂದು ಪಕ್ಕೆಗೆ ತಟ್ಟಿ ಎಬ್ಬಿಸಬೇಕಾಯಿತು! ಬಿಡುಗಡೆ ಆಗುತ್ತದೆ ಅಂತ ಗೊತ್ತಿದ್ದು ಮಲಗಿದ್ದಲ್ಲ. ಯಾಕೋಬನಿಗೆ ಆದದ್ದು ಗೊತ್ತಿದ್ದೂ ಮಲಗಿದ್ದ.

ಮತ್ತಾಯ 4 ಇನ್ನೂ ಜೋರಾಗಿ ಹೊಡೆಯಿತು. ದೇವಾಲಯದ ತುದಿಯಿಂದ ಕೆಳಗೆ ಹಾರು, ದೂತರು ಹಿಡಿಯುತ್ತಾರೆ ಅಂತ ಸೈತಾನ ಯೇಸುವಿಗೆ ಹೇಳುತ್ತಾನಲ್ಲ, ಆ ಮಾತು 91ನೇ ಕೀರ್ತನೆಯದ್ದೇ. ಜೇಬಿನಲ್ಲಿ ನಾನಿಟ್ಟ ಚೀಟಿ! ಯೇಸು ಹಾರಲಿಲ್ಲ. ದೇವರನ್ನು ಪರೀಕ್ಷಿಸಬಾರದು ಅಂದ. ನುಣ್ಣಗಿನ ಟೈರಲ್ಲಿ ಘಾಟ್ ಇಳಿಯುವುದು ನಂಬಿಕೆ ಅಲ್ಲ, ಆ ಹಾರುವ ಕೆಲಸವೇ ಅಂತ ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ರೊಟ್ಟಿ ಮುರಿಯುತ್ತಾ ಸುಮ್ನೆ ಕೇಳಿದರು. ನನ್ನ ಒಂದು ಜೊತೆ ಬೆಂಡೋಲೆ ಅಡವಿಟ್ಟು ಎರಡು ಟೈರ್ ಹಾಕಿಸಿದೆವು. ಈಗ ಹೊರಡುವ ಮುಂಚೆ ಸ್ಟೆಪ್ನಿಗೆ ಗಾಳಿ ನೋಡಿಯೇ ಹೊರಡುತ್ತಾರೆ. ಅವತ್ತು ಉಳಿಸಿದ್ದೇ ಗಾಳಿ ಇಲ್ಲದ ಸ್ಟೆಪ್ನಿ ಅಂತ ನಾದಿನಿ ನಗುತ್ತಾಳೆ, ನಗಲಿ.

ಫೋನಿನ ವಿಷಯಕ್ಕೆ ಒಂದು ಒಪ್ಪಂದ ಮಾಡಿಕೊಂಡೆವು. ಯಲ್ಲಾಪುರದಲ್ಲಿ ಗಾಡಿ ನಿಲ್ಲಿಸಿ ಒಮ್ಮೆ, ಅಂಕೋಲಾದಲ್ಲಿ ಒಮ್ಮೆ ಅವರೇ ಮಾಡುತ್ತಾರೆ. ನಾನು ಮಾಡುವಂತಿಲ್ಲ. ಮೊದಲ ವಾರ ಕೈ ತಡೆಯಲಿಲ್ಲ, ಎರಡು ಸಲ ಮಾಡಿಬಿಟ್ಟೆ. ಆಮೇಲೆ ಫೋನನ್ನು ಅಡುಗೆಮನೆಯ ಜೋಳದ ಹಿಟ್ಟಿನ ಡಬ್ಬಿಯ ಮೇಲೆ ಇಡಲು ಶುರು ಮಾಡಿದೆ. ರಿಂಗಾದರೆ ತಗಡು ನಡುಗಿ ಮನೆಯೆಲ್ಲ ಕೇಳುತ್ತದೆ, ಆದರೆ ಹಾಸಿಗೆಯಿಂದ ಕೈಗೆ ಸಿಗುವುದಿಲ್ಲ. ಇಟ್ಟು ಬಂದು 121ನೇ ಕೀರ್ತನೆ ಹೇಳುತ್ತೇನೆ. ಎಂಟೇ ವಚನ, ಬಾಯಿಪಾಠ. ಕಾಯುವವನು ತೂಕಡಿಸುವುದಿಲ್ಲ ಅನ್ನುವ ಸಾಲು ಬಂದಾಗ ಮೊದಲು ಕೇರಳದ ಆ ಹುಡುಗನ ಮನೆಯವರಿಗೆ ಬೇಡಿಕೊಳ್ಳುತ್ತೇನೆ, ಆಮೇಲೆ ನಮ್ಮವರಿಗೆ. "ಇವರಿಗೆ ಏನೂ ಆಗಬಾರದು" ಅಂತ ಷರತ್ತು ಹಾಕುವುದನ್ನು ಬಿಟ್ಟಿದ್ದೇನೆ ಅಂದರೆ ಸುಳ್ಳಾಗುತ್ತದೆ. ಹಾಕುತ್ತೇನೆ. "ಏನಾದರೂ ಆದರೂ ನಮ್ಮನ್ನು ಬಿಡಬೇಡ" ಅನ್ನುವುದನ್ನೂ ಈಗ ಸೇರಿಸುತ್ತೇನೆ, ಆ ಮಾತು ಗಂಟಲಿನಿಂದ ಹೊರಗೆ ಬರಲು ಬಹಳ ದಿನ ಹಿಡಿಯಿತು.

ಎಲ್ಲ ರಾತ್ರಿಯೂ ನಿದ್ದೆ ಬರುವುದಿಲ್ಲ. ಜೋರು ಮಳೆ ಇದ್ದರೆ ಕಷ್ಟವೇ. ಮೊನ್ನೆ ಮಾತ್ರ ಅಂಕೋಲಾದ ಫೋನ್ ಬಂದದ್ದೇ ಗೊತ್ತಾಗಲಿಲ್ಲ. ಬೆಳಗ್ಗೆ ನೋಡಿದರೆ ನಾಲ್ಕು ಮಿಸ್ಡ್ ಕಾಲ್. ಅವರು ಗಾಬರಿಯಾಗಿ ಮಗಳಿಗೆ ಫೋನ್ ಮಾಡಿ, "ನಿಮ್ಮವ್ವ ಯಾಕ ಫೋನ್ ಎತ್ತಾಕತ್ತಿಲ್ಲ, ಆರಾಮ ಅದಾಳಿಲ್ಲೋ" ಅಂತ ಕೇಳಿದ್ದರಂತೆ.